ಮನೋರೋಗಕ್ಕೆ ಮನೆಯವರೇ ಕಾರಣವೇ? ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

ಮಾನಸಿಕ ಕಾಯಿಲೆಯ ಬಗ್ಗೆ ಓದುಗರು 'ಇದು ನಿಜವೇ?' ಎಂದು ಕೇಳಿ ನಮಗೆ ಕಳಿಸುವ ಫಾರ್ವರ್ಡ್‌ಗಳಲ್ಲಿ ಎರಡು ಬಗೆಯವು ಮತ್ತೆ ಮತ್ತೆ ಬರುತ್ತವೆ. ಒಂದು ಹೇಳುತ್ತದೆ: ಮಕ್ಕಳಿಗೆ ಹುಚ್ಚು ಹಿಡಿಯುವುದು ತಂದೆತಾಯಿ ಬೆಳೆಸಿದ ರೀತಿಯಿಂದ, ಮನೆಯಲ್ಲಿ ಪ್ರೀತಿ ಇದ್ದರೆ ಯಾವ ಮನೋರೋಗವೂ ಬರುವುದಿಲ್ಲ. ಇನ್ನೊಂದು ಹೇಳುತ್ತದೆ: ಇಂಥವರನ್ನು ಮನೆಯಲ್ಲಿ ಇಟ್ಟುಕೊಂಡರೆ ಇಡೀ ಮನೆಯೇ ಹಾಳು, ಎಲ್ಲಾದರೂ ಸೇರಿಸಿಬಿಡಿ. ಮೊದಲನೆಯದರ ಕೊನೆಯಲ್ಲಿ ಕೈಮುಗಿಯುವ ಇಮೋಜಿ ಇರುತ್ತದೆ. ಎರಡನೆಯದರ ಕೊನೆಯಲ್ಲಿ ಯಾವುದೋ ಆಶ್ರಮದ ಫೋನ್ ನಂಬರ್.

ಎರಡೂ ತಪ್ಪು. ಆದರೆ ಎರಡರಲ್ಲೂ ಒಂದು ಚೂರು ನಿಜ ಸಿಕ್ಕಿಹಾಕಿಕೊಂಡಿದೆ, ಅದಕ್ಕೇ ಜನ ನಂಬುತ್ತಾರೆ. ಮನೆಯವರು ಕಾಯಿಲೆಯನ್ನು ತರುವುದಿಲ್ಲ. ಆದರೆ ಕಾಯಿಲೆ ಬಂದ ಮೇಲೆ ಮನೆಯಲ್ಲಿ ಏನು ನಡೆಯುತ್ತದೆ ಎನ್ನುವುದು ಅದರ ಮುಂದಿನ ದಾರಿಯನ್ನು ಬದಲಿಸುತ್ತದೆ. ಹಾಗೆಯೇ ಕಾಯಿಲೆ ಒಬ್ಬರಿಗೆ ಬಂದರೂ ಮನೆಯ ಎಲ್ಲರನ್ನೂ ಅದು ಹಣ್ಣು ಮಾಡುತ್ತದೆ, ನಿಜ. ಆದರೆ ಅದಕ್ಕೆ ಪರಿಹಾರ ರೋಗಿಯನ್ನು ದೂರ ಮಾಡುವುದಲ್ಲ, ಮನೆಯವರನ್ನು ಚಿಕಿತ್ಸೆಯ ಒಳಗೆ ತರುವುದು.

ಮನೋರೋಗಗಳಲ್ಲಿ ಹಲವು ಬಗೆ. ಇಲ್ಲಿ ನಾವು ಹೆಚ್ಚಾಗಿ ಸ್ಕಿಜೋಫ್ರೀನಿಯಾವನ್ನೇ ಇಟ್ಟುಕೊಂಡು ಮಾತಾಡುತ್ತೇವೆ. ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎನ್ನುವ ಬಲವಾದ ನಂಬಿಕೆ, ಯಾವುದರಲ್ಲೂ ಮನಸ್ಸಿಲ್ಲದೆ ಮೂಲೆ ಸೇರುವುದು ಇದರ ಮುಖ್ಯ ಲಕ್ಷಣಗಳು. ಮನೆಯವರ ಪಾತ್ರದ ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನ ನಡೆದಿರುವುದೂ ಈ ಕಾಯಿಲೆಯಲ್ಲೇ.

ಮೊಸರನ್ನದಲ್ಲಿ ಮಾತ್ರೆ

ನಮ್ಮ ಬಳಗದಲ್ಲಿ ಒಬ್ಬರ ಅಣ್ಣನಿಗೆ ಈ ಕಾಯಿಲೆ ಇದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ, ಅಣ್ಣನದ್ದೂ.

ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾಗ ಅವರು ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದರು. ಎದುರು ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದು ಕಿಟಕಿಗೆ ಹಳೆಯ ಪೇಪರ್ ಅಂಟಿಸಿದರು. ಮೊದಲ ಏಳೆಂಟು ತಿಂಗಳು ಹೋಗಿದ್ದು ಯಂತ್ರ ಕಟ್ಟಿಸುವುದರಲ್ಲಿ, ಹರಕೆ ಹೊರುವುದರಲ್ಲಿ. ಆಮೇಲೆ ಊರಿಂದ ದೂರದ ಒಂದು ಆಸ್ಪತ್ರೆ. ಹತ್ತಿರದ್ದು ಬೇಡ, ಅಲ್ಲಿ ಯಾರಾದರೂ ನೋಡಿಬಿಡುತ್ತಾರೆ. ಆ ಆಸ್ಪತ್ರೆಯಲ್ಲಿ ಅಮ್ಮನನ್ನು ಹೊರಗೆ ಕೂರಿಸಿದರು. ಒಳಗಿಂದ ಬಂದಿದ್ದು ಒಂದು ಚೀಟಿ ಮಾತ್ರ. ಕಾಯಿಲೆಯ ಹೆಸರೇನು, ಮಾತ್ರೆ ಎಷ್ಟು ದಿನ, ಏನು ಅಡ್ಡಪರಿಣಾಮ, ಯಾರೂ ಹೇಳಲಿಲ್ಲ.

ಅಣ್ಣ ಮಾತ್ರೆ ನುಂಗಲು ಒಪ್ಪಲಿಲ್ಲ. ಅಮ್ಮ ಅದನ್ನು ಪುಡಿ ಮಾಡಿ ಮೊಸರನ್ನದಲ್ಲಿ ಕಲೆಸಿ ಕೊಡತೊಡಗಿದರು. ಎರಡು ತಿಂಗಳು ಎಲ್ಲವೂ ಸರಿಹೋದಂತೆ ಕಾಣಿಸಿತು. ಒಂದು ರಾತ್ರಿ ಅಡುಗೆಮನೆಯಲ್ಲಿ ಲಟ್ಟಣಿಗೆಯಿಂದ ಮಾತ್ರೆ ಅರೆಯುತ್ತಿದ್ದ ಅಮ್ಮನನ್ನು ಅವರು ನೋಡಿಬಿಟ್ಟರು. ನನ್ನ ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎನ್ನುವುದು ಅವರ ಕಾಯಿಲೆಯ ಅನುಮಾನಗಳಲ್ಲಿ ಒಂದಾಗಿತ್ತು. ಈಗ ಅದು ಅನುಮಾನವಾಗಿ ಉಳಿಯಲಿಲ್ಲ. ಮುಂದಿನ ಆರು ದಿನ ಅವರು ಮನೆಯಲ್ಲಿ ಊಟ ಮುಟ್ಟಲಿಲ್ಲ, ಬೇಕರಿ ಬನ್ನು ತಿಂದುಕೊಂಡಿದ್ದರು.

ಅಮ್ಮ ಕೆಟ್ಟವರಲ್ಲ. ಬೇರೆ ದಾರಿ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಊಟದಲ್ಲಿ ಮಾತ್ರೆ ಬೆರೆಸುವುದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ತಟ್ಟೆಯಲ್ಲಿ ಅರ್ಧ ಊಟ ಉಳಿದರೆ ಅರ್ಧ ಮಾತ್ರೆಯೂ ಉಳಿಯುತ್ತದೆ. ಕೆಲವು ಮಾತ್ರೆಗಳನ್ನು ಪುಡಿ ಮಾಡಲೇಬಾರದು. ಕೈ ನಡುಗಿದರೆ, ಬಾಯಲ್ಲಿ ಜೊಲ್ಲು ಸುರಿದರೆ ಅದು ಮಾತ್ರೆಯಿಂದ ಎಂದು ರೋಗಿಗೆ ಗೊತ್ತೇ ಇರುವುದಿಲ್ಲ, ಇನ್ನೊಂದು ಹೊಸ ಕಾಯಿಲೆ ಬಂತೆಂದು ಹೆದರುತ್ತಾರೆ. ಎಲ್ಲಕ್ಕಿಂತ ದೊಡ್ಡ ನಷ್ಟ ನಂಬಿಕೆಯದ್ದು. ಮಾತ್ರೆ ಒಲ್ಲೆ ಎನ್ನುವವರಿಗೆ ವೈದ್ಯರ ಬಳಿ ಬೇರೆ ಉಪಾಯಗಳಿವೆ. ಕೆಲವು ಔಷಧಗಳು ಎರಡು ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ರೂಪದಲ್ಲಿ ಸಿಗುತ್ತವೆ. ಅಡ್ಡಪರಿಣಾಮದಿಂದಾಗಿ ಬೇಡವೆನ್ನುತ್ತಿದ್ದರೆ ಮಾತ್ರೆಯನ್ನೇ ಬದಲಿಸಬಹುದು. ಆದರೆ ಮನೆಯವರು 'ನಾವು ಕದ್ದು ಕೊಡುತ್ತಿದ್ದೇವೆ' ಎಂದು ವೈದ್ಯರ ಬಳಿ ಬಾಯಿಬಿಟ್ಟರೆ ಮಾತ್ರ ಆ ಮಾತುಕತೆ ಶುರುವಾಗುತ್ತದೆ. ಈಗಾಗಲೇ ಹೀಗೆ ಕೊಡುತ್ತಿದ್ದರೆ ಇದನ್ನು ಓದಿ ದಿಢೀರನೆ ನಿಲ್ಲಿಸಬೇಡಿ, ಮೊದಲು ವೈದ್ಯರಿಗೆ ಹೇಳಿ.

'ತಾಯಿಯೇ ಕಾರಣ' ಎಂಬ ಹಳೆಯ ಸುಳ್ಳು

ತಾಯಿಯನ್ನು ದೂರುವ ಫಾರ್ವರ್ಡ್ ವಾಟ್ಸಾಪ್ ಕಾಲದ್ದಲ್ಲ. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಮನೋವೈದ್ಯೆ ಅಮೆರಿಕದಲ್ಲಿ ಒಂದು ಪದ ಬಳಸಿದರು: 'ಸ್ಕಿಜೋಫ್ರೆನೋಜೆನಿಕ್ ತಾಯಿ', ಅಂದರೆ ಮಗುವಿನಲ್ಲಿ ಸ್ಕಿಜೋಫ್ರೀನಿಯಾ ಹುಟ್ಟಿಸುವ ತಾಯಿ. ಪ್ರೀತಿ ತೋರಿಸದ, ಆದರೆ ಹಿಡಿತ ಬಿಡದ ತಾಯಿಯಿಂದ ಈ ಕಾಯಿಲೆ ಬರುತ್ತದೆ ಎನ್ನುವ ಈ ಊಹೆ ಸುಮಾರು ಮೂರು ದಶಕ ಓಡಾಡಿತು. ಎಷ್ಟು ಹುಡುಕಿದರೂ ಪುರಾವೆ ಸಿಗಲಿಲ್ಲ, ವಿಜ್ಞಾನ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಎಷ್ಟು ತಾಯಂದಿರು ಆ ಅಪವಾದ ಹೊತ್ತು ಸತ್ತರೋ, ಲೆಕ್ಕ ಇಟ್ಟವರಿಲ್ಲ.

ಇಂದು ಗೊತ್ತಿರುವುದು ಇದು. ಸ್ಕಿಜೋಫ್ರೀನಿಯಾ ಜೀವಮಾನದಲ್ಲಿ ಸುಮಾರು ನೂರರಲ್ಲಿ ಒಬ್ಬರಿಗೆ ಬರಬಹುದಾದ ಮಿದುಳಿನ ಕಾಯಿಲೆ, ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನೊಳಗೆ ಶುರುವಾಗುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ನೂರಕ್ಕೆ ಹತ್ತು. ಅಂದರೆ ವಂಶವಾಹಿಗಳ ಪಾಲು ದೊಡ್ಡದು, ಆದರೆ ಅದೇ ಪೂರ್ತಿ ಕಥೆಯಲ್ಲ. ಏಕೆಂದರೆ ಒಂದೇ ರೀತಿಯ ವಂಶವಾಹಿಗಳಿರುವ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದಾಗ ಇನ್ನೊಬ್ಬರಿಗೆ ಬರದೇ ಇರುವ ಜೋಡಿಗಳೇ ಹೆಚ್ಚು. ಹೆರಿಗೆಯ ತೊಡಕುಗಳು, ಹದಿಹರೆಯದಲ್ಲಿ ಗಾಂಜಾ ಸೇವನೆ, ಬಾಲ್ಯದ ತೀವ್ರ ಆಘಾತಗಳಂಥ ಹಲವು ಸಂಗತಿಗಳು ಸೇರಿ ಅಪಾಯ ಹೆಚ್ಚಿಸುತ್ತವೆ. 'ಚಿಕ್ಕವನಿದ್ದಾಗ ಎರಡು ಏಟು ಕೊಟ್ಟಿದ್ದೆ, ಅದಕ್ಕೇ ಹೀಗಾಯ್ತೇನೋ' ಎಂದು ರಾತ್ರಿ ನಿದ್ದೆಗೆಟ್ಟು ಕೂರುವ ತಾಯಂದಿರಿಗೆ ಈ ಪ್ಯಾರಾ ಓದಿ ಹೇಳಿ.

ಕಾಯಿಲೆ ತರುವುದಿಲ್ಲ, ಆದರೆ ಮರುಕಳಿಸುವಂತೆ ಮಾಡಬಹುದು

ಈಗ ಆ ಚೂರು ನಿಜದ ವಿಷಯ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜ ವಿಜ್ಞಾನಿ ಮತ್ತು ಸಂಗಡಿಗರು ಮಾನಸಿಕ ಆಸ್ಪತ್ರೆಗಳಿಂದ ಮನೆಗೆ ಹೋದ ಗಂಡಸರ ಬೆನ್ನು ಹತ್ತಿದರು. ಯಾರಿಗೆ ಕಾಯಿಲೆ ಮತ್ತೆ ಕೆರಳುತ್ತದೆ? ಸಿಕ್ಕ ಉತ್ತರ ಅವರಿಗೇ ಅಚ್ಚರಿ ತಂದಿತು. ಬಾಡಿಗೆ ಕೋಣೆಗೋ, ಒಡಹುಟ್ಟಿದವರ ಮನೆಗೋ ಹೋದವರಿಗಿಂತ, ಹೆಂಡತಿ ಅಥವಾ ತಂದೆತಾಯಿಯ ಜೊತೆ ಇರಲು ಹೋದವರೇ ಹೆಚ್ಚು ಸಲ ಆಸ್ಪತ್ರೆಗೆ ಮರಳುತ್ತಿದ್ದರು.

ಹತ್ತಿರದವರ ಜೊತೆ ಇದ್ದರೆ ಕಾಯಿಲೆ ಹೆಚ್ಚುತ್ತದೆಯೇ? ಬ್ರೌನ್ ಅಲ್ಲಿಗೆ ನಿಲ್ಲಿಸಲಿಲ್ಲ. ಮನೆಯವರೊಡನೆ ಗಂಟೆಗಟ್ಟಲೆ ಮಾತಾಡಿ ಅದನ್ನು ಧ್ವನಿಮುದ್ರಿಸಿಕೊಂಡರು. ಅವರು ಏನು ಹೇಳಿದರು ಎನ್ನುವುದಕ್ಕಿಂತ ಯಾವ ದನಿಯಲ್ಲಿ ಹೇಳಿದರು ಎನ್ನುವುದನ್ನು ಅಳೆದರು. ಮೂರು ಸಂಗತಿಗಳು ಎದ್ದು ಕಂಡವು: ಸದಾ ತಪ್ಪು ಹುಡುಕುವ ಟೀಕೆ, ವ್ಯಕ್ತಿಯನ್ನೇ ಬೇಡವೆನ್ನುವ ಹಗೆತನ, ಮತ್ತು ಉಸಿರುಗಟ್ಟಿಸುವಷ್ಟು ಅತಿಯಾದ ಕಾಳಜಿ. ಸಂಶೋಧಕರು ಇದನ್ನು 'ಎಕ್ಸ್‌ಪ್ರೆಸ್ಡ್ ಇಮೋಷನ್' ಎಂದು ಕರೆದರು. ನಾವು 'ಮನೆಯ ಕಾವು' ಎನ್ನೋಣ.

ಕಾವು ಹೆಚ್ಚಿದ್ದ ಮನೆಗಳಿಗೆ ಮರಳಿದವರಲ್ಲಿ ಒಂಬತ್ತು ತಿಂಗಳೊಳಗೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಕಾಯಿಲೆ ಮರುಕಳಿಸಿತು. ಕಾವು ಕಡಿಮೆ ಇದ್ದ ಮನೆಗಳಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ. 1970ರ ದಶಕದಲ್ಲಿ ಲಂಡನ್ನಿನಲ್ಲೇ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಮತ್ತೆ ಅಧ್ಯಯನ ಮಾಡಿದಾಗಲೂ ಚಿತ್ರ ಹೆಚ್ಚು ಬದಲಾಗಲಿಲ್ಲ. ಕಾವು ಹೆಚ್ಚಿದ್ದ ಮನೆಯಲ್ಲೂ, ವಾರಕ್ಕೆ 35 ಗಂಟೆಗಿಂತ ಕಡಿಮೆ ಎದುರುಬದುರು ಇದ್ದವರಿಗೆ ಮತ್ತು ಮಾತ್ರೆ ತಪ್ಪಿಸದವರಿಗೆ ಅಪಾಯ ಕಡಿಮೆ ಇತ್ತು.

35 ಗಂಟೆಯ ಈ ಲೆಕ್ಕ ನಮಗೆ ಬಹಳ ಇಷ್ಟವಾಯಿತು. ದಿನಕ್ಕೆ ಐದು ಗಂಟೆ. ಒಂದು ಮಲಗುವ ಕೋಣೆ, ಒಂದು ಹಾಲ್ ಇರುವ ಮನೆಯಲ್ಲಿ ಇಡೀ ದಿನ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುವ ತಾಯಿ ಮತ್ತು ಮಗನಿಗೆ ಇದರ ಅರ್ಥ ಸರಳ: ಅಮ್ಮ ದಿನಕ್ಕೆ ಎರಡು ಗಂಟೆ ಪಕ್ಕದ ಬೀದಿಯ ಭಜನಾ ಮಂಡಳಿಗೆ ಹೋಗಿ ಬಂದರೆ, ಮಗ ಮಧ್ಯಾಹ್ನ ಹಗಲು ಆರೈಕೆ ಕೇಂದ್ರಕ್ಕೋ ಚಿಕ್ಕಪ್ಪನ ಅಂಗಡಿಗೋ ಹೋದರೆ, ಅದೂ ಚಿಕಿತ್ಸೆಯೇ.

ನಮ್ಮ ದೇಶದಲ್ಲಿ ಈ ಕಾವು ಎಷ್ಟು? ಚಂಡೀಗಢದಲ್ಲಿ ಡಾ. ಎನ್.ಎನ್. ವಿಗ್ ಮತ್ತು ಲೆಫ್ ಅವರ ತಂಡ ಇದನ್ನು ಅಳೆದು 1987ರಲ್ಲಿ ಪ್ರಕಟಿಸಿತು. ಲಂಡನ್ನಿಗಿಂತ ಇಲ್ಲಿನ ಮನೆಗಳಲ್ಲಿ ಕಾವು ಬಹಳ ಕಡಿಮೆ ಇತ್ತು, ಪೇಟೆಗಿಂತ ಹಳ್ಳಿಗಳಲ್ಲಿ ಇನ್ನೂ ಕಡಿಮೆ. ಒಂದು ವರ್ಷದ ನಂತರ ನೋಡಿದಾಗ ಕಾಯಿಲೆ ಮರುಕಳಿಸಿದವರೂ ಕಡಿಮೆ ಇದ್ದರು. 'ನೋಡಿ, ನಮ್ಮ ಸಂಸ್ಕೃತಿಯ ಹಿರಿಮೆ' ಎಂದು ಇದನ್ನು ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ತಡೆಯಿರಿ. ಅದು ಸುಮಾರು ನಾಲ್ಕು ದಶಕದ ಹಿಂದಿನ ಮಾತು. ದೊಡ್ಡ ಮನೆ, ಹತ್ತು ಜನ, ಹೊಲದಲ್ಲಿ ಏನಾದರೊಂದು ಕೆಲಸ ಇದ್ದ ಕಾಲ. ಹತ್ತು ಜನರಲ್ಲಿ ಹಂಚಿಹೋಗುತ್ತಿದ್ದ ಹೊರೆ ಇಂದು ಬಹಳಷ್ಟು ಮನೆಗಳಲ್ಲಿ ಒಬ್ಬ ಹೆಂಗಸಿನ ಮೇಲೆ ಬಿದ್ದಿದೆ.

'ಸೋಮಾರಿ' ಎಂಬ ಒಂದು ಪದ

ಹಾಗಾದರೆ ಮನೆಯವರು ಯಾವುದನ್ನು ಟೀಕಿಸುತ್ತಾರೆ? ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದು ಇದು: ದನಿ ಕೇಳಿಸುತ್ತದೆ ಎನ್ನುವುದನ್ನು ಮನೆಯವರು ಕಾಯಿಲೆ ಎಂದು ಒಪ್ಪಿಕೊಳ್ಳುತ್ತಾರೆ. ಬೆಳಿಗ್ಗೆ ಏಳದಿರುವುದು, ಸ್ನಾನ ಮಾಡದಿರುವುದು, ಮಾತಾಡದಿರುವುದು, ಕೆಲಸಕ್ಕೆ ಹೋಗದಿರುವುದು, ಇದನ್ನು ಮಾತ್ರ ಕಾಯಿಲೆ ಎಂದು ಒಪ್ಪುವುದಿಲ್ಲ. ಅದು ಗುಣದ ದೋಷ. ಸೋಮಾರಿತನ. 'ತಿನ್ನೋಕೆ ಮಾತ್ರ ಬರುತ್ತೆ, ಲೋಟ ಎತ್ತಿಡೋಕೆ ಬರಲ್ವಾ?'

ಆದರೆ ಈ ಮಂಕುತನವೂ ಸ್ಕಿಜೋಫ್ರೀನಿಯಾದ ಮುಖ್ಯ ಲಕ್ಷಣ. ದನಿಗಳನ್ನು ಮಾತ್ರೆಗಳು ಬಹುಮಟ್ಟಿಗೆ ತಗ್ಗಿಸುತ್ತವೆ. ಈ ಮಂಕುತನದ ಮೇಲೆ ಅವುಗಳ ಪರಿಣಾಮ ಕಡಿಮೆ, ಕೆಲವು ಸಲ ಮಾತ್ರೆಯಿಂದ ಬರುವ ತೂಕಡಿಕೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಹೀಗಾಗಿ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿರುವವರೇ ಮನೆಯಲ್ಲಿ ಹೆಚ್ಚು ಬೈಸಿಕೊಳ್ಳುತ್ತಾರೆ: ಹುಷಾರಾಗಿದ್ದಾನಲ್ಲ, ಇನ್ನೇನು ದಾಡಿ?

ಇದಕ್ಕೆ ಮದ್ದು ಸುಮ್ಮನಿದ್ದುಬಿಡುವುದಲ್ಲ. ಬೈಯುವುದೂ ಅಲ್ಲ, ಎಲ್ಲವನ್ನೂ ನಾವೇ ಮಾಡಿ ಬಾಯಿಗೆ ತುತ್ತಿಡುವುದೂ ಅಲ್ಲ. ಮನೆಯವರಿಗೆ ತರಬೇತಿ ಕೊಡುವ ಮನಶ್ಶಾಸ್ತ್ರಜ್ಞರು ಹೇಳಿಕೊಡುವುದು ಸಣ್ಣ, ಒಂದೇ ಕೆಲಸದ ಮಾತು. 'ದಿನವಿಡೀ ಬಿದ್ದಿರ್ತೀಯ' ಎನ್ನುವ ಬದಲು 'ಹತ್ತು ಗಂಟೆಗೆ ಹಾಲು ತರೋಕೆ ಹೋಗೋಣ, ಬಾ'. ಹೋಗಿ ಬಂದರೆ, ಹೋಗಿ ಬಂದದ್ದನ್ನು ಗಮನಿಸಿದೆ ಎಂದು ಹೇಳುವುದು. ಅನುಮಾನದ ಮಾತಿನ ಜೊತೆ ವಾದಕ್ಕಿಳಿಯಬೇಡಿ. 'ಪಕ್ಕದ ಮನೆಯವರು ಸಂಚು ಮಾಡ್ತಿದ್ದಾರೆ' ಎಂದರೆ 'ಹುಚ್ಚಪ್ಪ, ಹಾಗೇನಿಲ್ಲ' ಎಂದೂ ಅಲ್ಲ, 'ಹೌದು' ಎಂದೂ ಅಲ್ಲ. 'ನಿಂಗೆ ಹಾಗನ್ನಿಸಿ ಭಯ ಆಗ್ತಿದೆ ಅಂತ ಗೊತ್ತಾಗುತ್ತೆ. ನಾನಿಲ್ಲೇ ಇದ್ದೀನಿ.' ಹೇಳುವುದು ಸುಲಭ, ಮಾಡುವುದು ಕಷ್ಟ. ರಾತ್ರಿ ಮೂರು ಗಂಟೆಗೆ ಅದೇ ಮಾತನ್ನು ನಲವತ್ತನೇ ಸಲ ಕೇಳುವಾಗ ಯಾರ ತಾಳ್ಮೆಯೂ ಉಳಿಯುವುದಿಲ್ಲ. ಅದಕ್ಕೇ ಆರೈಕೆ ಮಾಡುವವರ ನಿದ್ದೆಯೂ ಚಿಕಿತ್ಸೆಯ ಭಾಗ.

ಮನೆಯವರಿಗೆ ಕಾಯಿಲೆಯ ಬಗ್ಗೆ ತಿಳಿಸಿ, ಮಾತಿನ ರೀತಿ ಹೇಳಿಕೊಟ್ಟು, ಕಷ್ಟಗಳನ್ನು ಬಿಡಿಸಲು ಜೊತೆಗಿದ್ದರೆ ಕಾಯಿಲೆ ಮರುಕಳಿಸುವುದು ಮತ್ತು ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಮಾತ್ರೆಗೆ ಬದಲಾಗಿ ಅಲ್ಲ, ಮಾತ್ರೆಯ ಜೊತೆಗೆ.

ಮದುವೆಯಾಗದೆ ಹುಚ್ಚು ಬಿಡದು

'ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು.' ಒಂದು ಕೆಲಸ ಇನ್ನೊಂದಕ್ಕೆ ಕಾದು ಎರಡೂ ಆಗದಿದ್ದಾಗ ನಾವು ನಗುತ್ತಾ ಹೇಳುವ ಗಾದೆ ಇದು. ಗಾದೆಯ ಮೊದಲ ಅರ್ಧವನ್ನು ಮಾತ್ರ ನಂಬಿ ನಡೆದುಕೊಳ್ಳುವವರು ಇನ್ನೂ ಇದ್ದಾರೆ. ಒಂದು ಮದುವೆ ಮಾಡಿ, ಜವಾಬ್ದಾರಿ ಬಂದರೆ ಎಲ್ಲಾ ಸರಿಹೋಗುತ್ತೆ!

ಹೋಗುವುದಿಲ್ಲ. ಹೊಸ ಮನೆ, ಹೊಸ ಜನ, ನಿದ್ದೆಗೇಡು, ನಿರೀಕ್ಷೆಗಳ ಒತ್ತಡ ಕಾಯಿಲೆಯನ್ನು ಕೆರಳಿಸಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಅಪಾಯ: ಗಂಡನ ಮನೆಯವರಿಗೆ ಗೊತ್ತಾಗಬಾರದೆಂದು ಮದುವೆಯ ದಿನದಿಂದಲೇ ಮಾತ್ರೆ ನಿಲ್ಲಿಸುತ್ತಾರೆ. ಕೆಲವು ವಾರ ಅಥವಾ ತಿಂಗಳಲ್ಲಿ ಕಾಯಿಲೆ ಮರಳುತ್ತದೆ, ಹುಡುಗಿ ತವರಿಗೆ ಮರಳುತ್ತಾಳೆ. ಚೆನ್ನೈನ ಸ್ಕಾರ್ಫ್ ಸಂಸ್ಥೆ, ಈ ಕಾಯಿಲೆಯಿರುವ ಮತ್ತು ಗಂಡನಿಂದ ದೂರವಾದ ಹೆಂಗಸರನ್ನು ಅಧ್ಯಯನ ಮಾಡಿದಾಗ ಅವರಲ್ಲಿ ಹೆಚ್ಚಿನವರು ವಯಸ್ಸಾದ ತಂದೆತಾಯಿಯ ಆಸರೆಯಲ್ಲಿದ್ದರು. ಮುಚ್ಚಿಟ್ಟು ಮಾಡಿದ ಮದುವೆಗಳು ಕೋರ್ಟ್ ಮೆಟ್ಟಿಲೇರುವುದೂ ಹೊಸದಲ್ಲ.

ಇದರ ಅರ್ಥ ಮನೋರೋಗ ಇರುವವರು ಮದುವೆಯಾಗಬಾರದು ಎಂದಲ್ಲ. ಚಿಕಿತ್ಸೆಯಲ್ಲಿದ್ದು, ಕಾಯಿಲೆ ಹಿಡಿತದಲ್ಲಿದ್ದು, ವಿಷಯ ಹೇಳಿಯೇ ಮದುವೆಯಾಗಿ ಚೆನ್ನಾಗಿರುವವರಿದ್ದಾರೆ. ಸಂಸಾರಕ್ಕೆ ಮದುವೆ ಬೇಕು, ಚಿಕಿತ್ಸೆಗೆ ಡಾಕ್ಟರು ಬೇಕು.

ಒಬ್ಬರ ಕಾಯಿಲೆ, ಎಲ್ಲರ ಲೆಕ್ಕ

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 10.6% ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಸ್ಕಿಜೋಫ್ರೀನಿಯಾ ಮಾತ್ರವಲ್ಲ, ಖಿನ್ನತೆ, ಆತಂಕ, ಮದ್ಯವ್ಯಸನ ಎಲ್ಲ ಸೇರಿ. ಅವರಲ್ಲಿ 70%ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಚಿಕಿತ್ಸೆ ಪಡೆಯುತ್ತಿದ್ದ ಮನೆಗಳು ಔಷಧ ಮತ್ತು ಓಡಾಟಕ್ಕೆಂದೇ ತಿಂಗಳಿಗೆ 1,000ದಿಂದ 1,500 ರೂಪಾಯಿ ಕೈಯಿಂದ ಹಾಕುತ್ತಿದ್ದವು. ಕೂಲಿ ಬಿಟ್ಟು ಜೊತೆಗೆ ಹೋಗುವವರ ಆ ದಿನದ ಸಂಬಳವನ್ನೂ ಕೂಡಿಸಿಕೊಳ್ಳಿ.

ಹಣದ ಲೆಕ್ಕ ಹೇಗೋ ಹೇಳಬಹುದು. ತಂಗಿಯ ಮದುವೆಯ ಮಾತುಕತೆ ನಿಂತುಹೋಗುವುದು, ಮನೆಗೆ ಗೆಳತಿಯರನ್ನು ಕರೆಯಲು ಹೈಸ್ಕೂಲು ಮಗಳು ಹಿಂಜರಿಯುವುದು, ಯಾವ ಮದುವೆ-ಗೃಹಪ್ರವೇಶಕ್ಕೂ ಹೋಗದೆ ನಂಟರು ಮರೆತೇ ಬಿಡುವುದು, ಇದಕ್ಕೆಲ್ಲ ಬಿಲ್ ಇಲ್ಲ. ಆರೈಕೆ ಮಾಡುವವರಲ್ಲೇ ಖಿನ್ನತೆ, ನಿದ್ದೆಯ ತೊಂದರೆ, ಮೈಕೈ ನೋವು ಹೆಚ್ಚು. 'ನಾನು ಸತ್ತ ಮೇಲೆ ಇವನ ಗತಿ ಏನು?' ವಯಸ್ಸಾದ ತಂದೆತಾಯಿಯ ಬಾಯಲ್ಲಿ ಹೆಚ್ಚು ಕೇಳುವ ಪ್ರಶ್ನೆ ಇದೇ. ನಮ್ಮ ಸರ್ಕಾರಗಳ ಬಳಿ ಇದಕ್ಕೆ ಇನ್ನೂ ಸಮಾಧಾನಕರ ಉತ್ತರವಿಲ್ಲ ಎನ್ನುವುದನ್ನು ನೇರವಾಗಿಯೇ ಹೇಳಬೇಕು.

ಆಸ್ಪತ್ರೆ ಅಂಗಳದಲ್ಲಿ ಡೇರೆ

ಕುಟುಂಬವನ್ನು ಚಿಕಿತ್ಸೆಯೊಳಗೆ ತರುವುದು ಹೊರದೇಶದಿಂದ ಬಂದ ಹೊಸ ಯೋಚನೆಯೇನಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್, ರೋಗಿಗಳ ಮನೆಯವರಿಗೆ ಆಸ್ಪತ್ರೆಯ ಅಂಗಳದಲ್ಲೇ ಡೇರೆ ಹಾಕಿಸಿದರು. ಮನೆಯವರು ರೋಗಿಯ ಜೊತೆಗೇ ಇದ್ದರು, ಡಾಕ್ಟರು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದರು. ರೋಗಿಗಳು ಬೇಗ ಮನೆಗೆ ಹೋಗತೊಡಗಿದರು. ಮಾನಸಿಕ ಆಸ್ಪತ್ರೆ ಎಂದರೆ ಎತ್ತರದ ಗೋಡೆ, ಬೀಗ ಎಂದೇ ಇದ್ದ ಕಾಲದಲ್ಲಿ ಇದು ನಡೆಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಅದೇ ದಶಕದಿಂದ ಮನೆಯವರನ್ನು ಜೊತೆಗಿರಿಸಿಕೊಳ್ಳುತ್ತ ಬಂದಿದೆ. ನಮ್ಮ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ಮತ್ತು ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡಗಳು ಸ್ಕಿಜೋಫ್ರೀನಿಯಾ ಇರುವವರನ್ನು ಅವರ ಊರಲ್ಲೇ ವರ್ಷಗಟ್ಟಲೆ ನೋಡಿಕೊಂಡಿವೆ.

ಮನೆಯವರು ಒಳಗಿದ್ದರೆ ಆಗುವ ಲಾಭ ಸರಳ. ಡಾಕ್ಟರು ರೋಗಿಯನ್ನು ನೋಡುವುದು ತಿಂಗಳಿಗೆ ಹತ್ತು ನಿಮಿಷ. ಮನೆಯವರು ನೋಡುವುದು ಉಳಿದ ಸಮಯವೆಲ್ಲ. ನಿದ್ದೆ ಕಡಿಮೆಯಾಯಿತು, ಊಟ ಬಿಟ್ಟ, ಮತ್ತೆ ಕಿಟಕಿ ಮುಚ್ಚಲು ಶುರು ಮಾಡಿದ, ಇಂಥ ಮುನ್ಸೂಚನೆಗಳು ಕಾಯಿಲೆ ಮರುಕಳಿಸುವ ದಿನಗಳ ಅಥವಾ ವಾರಗಳ ಮೊದಲೇ ಕಾಣುತ್ತವೆ. ಒಂದು ಸಣ್ಣ ಪುಸ್ತಕದಲ್ಲಿ ತಾರೀಖಿನ ಜೊತೆ ಬರೆದಿಟ್ಟುಕೊಂಡು ಹೋಗಿ ತೋರಿಸಿ. ತೂಕ ಹೆಚ್ಚಾಗಿದ್ದರೆ ಅದನ್ನೂ ಬರೆಯಿರಿ. ಕೆಲವು ಮಾತ್ರೆಗಳು ತೂಕ, ಸಕ್ಕರೆ ಏರಿಸುತ್ತವೆ, ಪರೀಕ್ಷೆ ಮಾಡಿಸಬೇಕಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮನೆಯವರೆಲ್ಲರೂ ಒಳ್ಳೆಯವರೇ ಆಗಿರಬೇಕಿಲ್ಲ. ಹೊಡೆಯುವ ಗಂಡ, ಆಸ್ತಿಗಾಗಿ ಹುಚ್ಚನ ಪಟ್ಟ ಕಟ್ಟುವ ದಾಯಾದಿ, ಅವರನ್ನೂ 'ಕುಟುಂಬ' ಎಂದೇ ಕರೆಯುತ್ತೇವೆ. ಯಾರನ್ನು ಒಳಗೆ ಕರೆಯಬೇಕು ಎಂದು ಹೇಳುವ ಹಕ್ಕು ಮೊದಲು ಕಾಯಿಲೆ ಇರುವವರದ್ದು.

ಕಾನೂನು ಏನು ಹೇಳುತ್ತದೆ

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಈ ಹಕ್ಕನ್ನೇ ಬರೆದಿಟ್ಟಿದೆ. ಅದು ಜಾರಿಗೆ ಬಂದದ್ದು 2018ರ ಮೇ 29ರಂದು. ವಯಸ್ಕ ವ್ಯಕ್ತಿ ತನಗೆ ನಂಬಿಕೆಯಿರುವ ಒಬ್ಬರನ್ನು 'ನಾಮನಿರ್ದೇಶಿತ ಪ್ರತಿನಿಧಿ' ಎಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಬಹುದು. ಅವರು ತಾಯಿಯೇ ಆಗಬೇಕೆಂದಿಲ್ಲ, ಸ್ನೇಹಿತರೂ ಆಗಬಹುದು. ಅವರಿಗೆ 18 ವರ್ಷ ತುಂಬಿರಬೇಕು, ಒಪ್ಪಿಗೆ ಇರಬೇಕು. ರೋಗಿಯ ಮಾಹಿತಿ ಗೋಪ್ಯ. ಆದರೆ ಈ ಪ್ರತಿನಿಧಿಗೆ ತನ್ನ ಕೆಲಸಕ್ಕೆ ಬೇಕಾದ ಮಾಹಿತಿಯನ್ನು ವೈದ್ಯರು ಕೊಡಬಹುದು. 'ನಮಗೆ ಏನೂ ಹೇಳಲ್ಲ' ಎಂದು ಹೊರಗೆ ಕೂತ ಮನೆಯವರಿಗೆ ಇದು ಕೆಲಸಕ್ಕೆ ಬರುವ ಹಾಳೆ. ರೋಗಿ ಹುಷಾರಾಗಿರುವಾಗಲೇ ಬರೆಸಿಟ್ಟುಕೊಳ್ಳಿ. ಮುಂದೆ ಕಾಯಿಲೆ ಹೆಚ್ಚಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡಲೂ ಅವಕಾಶವಿದೆ.

ಅದೇ ಕಾಯ್ದೆ ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಎನ್ನುತ್ತದೆ. ಫಾರ್ವರ್ಡ್‌ನ ಕೊನೆಯ ಆ ಫೋನ್ ನಂಬರ್ ನೆನಪಿದೆಯಲ್ಲ? 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ಇಂಥದ್ದೇ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರಿಗೆ ಓಡಲಾಗಲಿಲ್ಲ. 28 ಜನ ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಹೆಚ್ಚಾಗಿ ಮನೆಯವರೇ, ಬೇರೆ ದಾರಿ ಕಾಣದೆ. ಹಾಗಾಗಿ ಯಾವುದೇ ಕೇಂದ್ರಕ್ಕೆ ಸೇರಿಸುವ ಮುನ್ನ ಅದು ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಿ. ಒಳಗೆ ಹೋಗಿ ನೋಡಲು, ಯಾವಾಗ ಬೇಕಾದರೂ ಭೇಟಿಯಾಗಲು ಬಿಡದಿದ್ದರೆ ಸೇರಿಸಬೇಡಿ.

ಎಲ್ಲಿಂದ ಶುರು ಮಾಡುವುದು?

ಟೆಲಿ-ಮನಸ್ ಸಹಾಯವಾಣಿ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು. ಇದು ರೋಗಿಗೆ ಮಾತ್ರವಲ್ಲ, ಮನೆಯವರೂ ತಮ್ಮ ಕಷ್ಟ ಹೇಳಿಕೊಂಡು ಕರೆ ಮಾಡಬಹುದು. ಸಾಯುವ ಮಾತಾಡುತ್ತಿದ್ದಾರೆ ಎಂದರೆ ಕಾಯಬೇಡಿ. 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ನೇರವಾಗಿ ಕೇಳಿದರೆ ಆ ಯೋಚನೆ ಬರುತ್ತದೆ ಎನ್ನುವುದೂ ಸುಳ್ಳು ನಂಬಿಕೆಯೇ. ಕೇಳಿ, ಒಬ್ಬರೇ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನೋರೋಗವೂ ಸೇರಿದೆ. ವೈದ್ಯರು 40% ಅಥವಾ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಗುರುತಿನ ಚೀಟಿ, ಅದರ ಮೇಲೆ ಹಲವು ಸೌಲಭ್ಯಗಳು ಸಿಗುತ್ತವೆ. ಮಾಸಾಶನದ ಅರ್ಜಿಯನ್ನು ನಾಡಕಚೇರಿಯಲ್ಲಿ ವಿಚಾರಿಸಿ. ನಾಚಿಕೆಯಿಂದ ಇದನ್ನು ಮಾಡಿಸದೆ ಇರುವವರೇ ಹೆಚ್ಚು.

ದೇವಸ್ಥಾನಕ್ಕೆ, ದರ್ಗಾಕ್ಕೆ ಹೋಗಬಾರದೇ? ಹೋಗಿ. ಮಾತ್ರೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.

ನಮ್ಮ ಸಹೋದ್ಯೋಗಿಯ ಮನೆಯಲ್ಲಿ ಆ ಆರು ದಿನಗಳ ನಂತರ ಏನಾಯಿತು? ಅವರು ಬೇರೊಂದು ಆಸ್ಪತ್ರೆಗೆ ಹೋದರು. ಅಲ್ಲಿನ ಸಮಾಜ ಕಾರ್ಯಕರ್ತೆ ಅಮ್ಮನನ್ನೂ ಒಳಗೆ ಕೂರಿಸಿಕೊಂಡು, 'ಅಮ್ಮಾ, ನೀವು ಮೊದಲು ಹೇಳಿ, ನೀವು ಮಲಗಿ ಎಷ್ಟು ದಿನ ಆಯ್ತು?' ಎಂದು ಕೇಳಿದರಂತೆ. ಅಮ್ಮ ಅಲ್ಲೇ ಅತ್ತರು. ಆಮೇಲೆ ಅಣ್ಣನ ಎದುರೇ ಮೊಸರನ್ನದ ವಿಷಯ ಹೇಳಿದರು, ತಪ್ಪಾಯ್ತು ಎಂದರು. ಅಣ್ಣ ಇಂಜೆಕ್ಷನ್‌ಗೆ ಒಪ್ಪಲು ಇನ್ನೂ ಎರಡು ಭೇಟಿ ಬೇಕಾದವು. ಡಿಪ್ಲೊಮಾ ಮುಗಿಯಲಿಲ್ಲ. ಈಗ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ಲೆಕ್ಕ ಬರೆಯುತ್ತಾರೆ. ನಡುವೆ ಒಮ್ಮೆ ಕಾಯಿಲೆ ಮರುಕಳಿಸಿತ್ತು, ಅದನ್ನು ಮೊದಲು ಗಮನಿಸಿದ್ದು ತಂಗಿ. ಅಡುಗೆಯನ್ನು ಅಮ್ಮನೇ ಮಾಡುತ್ತಾರೆ. ಬಡಿಸಿಕೊಳ್ಳುವುದು ಮಾತ್ರ ಇವತ್ತಿಗೂ ಅವರೇ, ಪಾತ್ರೆಯಿಂದ ನೇರವಾಗಿ.